ಹೇಡಿಯ ಗಿಟಾರ್

"ಇವನು ಹೇಡಿ ಸರ್! ಪಕ್ಕಾ ಹೇಡಿ!"

ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ಪೇಷಂಟ್ ಬೆಚ್ಚಿಬಿದ್ದ. ಬಾಯೊಳಗೆ ಹತ್ತಿ, ತುಟಿಗೆ ಎಂಜಲು ಎಳೆಯುವ ಪೈಪು, ಅರ್ಧ ಮುಖ ಮರಗಟ್ಟಿತ್ತು. ಏನು ಹೇಳಹೊರಟರೂ 'ಆಆ...' ಅಷ್ಟೇ ಬರುತ್ತಿತ್ತು.

"ನಿಮಗಲ್ಲ ಸರ್... ಈ ಗಿಟಾರ್ ನುಡಿಸ್ತಿರೋನಿಗೆ!" ಪುಟ್ಟಿ ಮೂಲೆಯ ಪ್ಲೇಯರ್ ಕಡೆ ಕೈ ತೋರಿಸಿದಳು.

ಹಲ್ಲಿನ ಡಾಕ್ಟರು ಅವಳ ಭಾವ, ಅವರ ಕ್ಲಿನಿಕ್‌ನಲ್ಲಿ ಸಹಾಯಕಿ ಅವಳು. ಎಕ್ಸ್‌ರೇ ನೋಡಲು ಪಕ್ಕದ ಕೋಣೆಗೆ ಹೋಗಿದ್ದರು. ಅವರು ಆಚೆ ಹೋದರೆ ಸಾಕು, ಪುಟ್ಟಿಯ ಬಾಯಿಗೆ ಬೀಗವಿಲ್ಲ. ತಿರುಗಿ ಮಾತಾಡಲಾಗದ ಪೇಷಂಟ್‌ಗಿಂತ ಒಳ್ಳೆಯ ಕೇಳುಗ ಎಲ್ಲಿ ಸಿಗುತ್ತಾನೆ ಹೇಳಿ!

"'ಒಳಕೋಣೆ' ಅಂತ ಈ ಸಿಡಿ. ಪ್ಲೇಯರ್ ತಗೊಂಡಾಗ ಅಂಗಡಿಯವನು ಬಿಟ್ಟಿ ಕೊಟ್ಟ. ಯಾರೂ ಕೊಳ್ಳಲ್ವಂತೆ. ಹಾಡಿಲ್ಲ, ಮಾತಿಲ್ಲ. ಮೊದಲು ಬರೀ ಮರದ ಗಿಟಾರ್, ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ. ಆಮೇಲೆ ರಾಕ್‌ನವರ ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್ ಎಲ್ಲ ನುಗ್ಗುತ್ತೆ. ತಾಳ ತಪ್ಪಿತು ಅಂದ್ಕೋತೀವಿ... ತಪ್ಪಿರಲ್ಲ! ಏಳೇಳು ಎಣಿಸಿದ್ರೆ ಸರಿಹೋಗುತ್ತೆ. ಆದ್ರೆ ಈ ಕೊನೆಯ ಟ್ರ್ಯಾಕ್ ಕೇಳಿ. ಕೋಣೆಯಿಂದ ತಪ್ಪಿಸ್ಕೊಳ್ಳೋ ಹಾಗೆ ಬಾಗಿಲವರೆಗೂ ಓಡ್ತಾನೆ, ಇನ್ನೇನು ಚಿಲಕ ತೆಗೀತಾನೆ ಅನ್ನೋವಾಗ ಮತ್ತೆ ಮೊದಲಿನ ರಾಗಕ್ಕೇ ವಾಪಸ್! ಹೇಡಿ ಅಲ್ದೆ ಇನ್ನೇನು?"

ಪೇಷಂಟ್‌ನ ಕಣ್ಣಂಚಿನಲ್ಲಿ ನೀರು ತುಂಬಿತು.

"ನೋವಾ ಸರ್?"

ಅವನು ಬಲಗೈ ಎತ್ತಿ 'ಇಲ್ಲ' ಎಂದ. ಪುಟ್ಟಿ ಆ ಕೈ ನೋಡಿದಳು. ಬೆಳೆಸಿದ ಉಗುರುಗಳು, ಸೊಟ್ಟಗೆ ಬಾಗಿದ ಕಿರುಬೆರಳು... ಸಿಡಿಯ ಹೊದಿಕೆಯ ಮೇಲೆ ಮುಖವಿರಲಿಲ್ಲ, ತಂತಿಗಳ ಮೇಲೆ ಒಂದು ಕೈ ಮಾತ್ರ. ಅದೇ ಸೊಟ್ಟ ಬೆರಳು!

'ಅಯ್ಯೋ ದೇವರೇ... ಇವರೇನಾ!'

ಅಷ್ಟರಲ್ಲಿ ಭಾವ ಬಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ.

ಕೆಳಗೆ ಕ್ಲಿನಿಕ್, ಮೇಲೆ ಮನೆ. ಪುಟ್ಟಿಯ ಬದುಕೆಲ್ಲ ನಡುವಿನ ಮೆಟ್ಟಿಲುಗಳ ಮೇಲೇ ನಡೆದಿತ್ತು. ಅಪ್ಪ ಅಮ್ಮ ಹೋದ ಮೇಲೆ ಸಾಕಿದ್ದು ಅಕ್ಕ. ಒಂದು ದಿನವೂ ಯಾರೂ ಬೈದವರಲ್ಲ. ಅದೇ ಕಷ್ಟವಾಗಿತ್ತು!

"ನೀನಿಲ್ದೆ ನನ್ನ ಕೈಯೇ ಓಡಲ್ಲ ಪುಟ್ಟಿ," ಎನ್ನುತ್ತಿದ್ದರು ಭಾವ.

"ನಿನ್ನೊಬ್ಬಳನ್ನೇ ಆಚೆ ಕಳ್ಸಿ ನಾನು ನೆಮ್ಮದಿಯಾಗಿರ್ತೀನಾ?" ಎನ್ನುತ್ತಿದ್ದಳು ಅಕ್ಕ.

ಬೈದಿದ್ದರೆ ಜಗಳವಾಡಿ ಹೊರಟುಬಿಡಬಹುದಿತ್ತು. ಇಷ್ಟು ಪ್ರೀತಿಸುವವರ ಹತ್ತಿರ ಏನಂತ ಜಗಳವಾಡುವುದು? ಕ್ಲಿನಿಕ್‌ನ ಕಿಟಕಿಗೂ ಮಬ್ಬು ಗಾಜು, ಬೀದಿಯಲ್ಲಿ ಹೋಗುವವರ ನೆರಳಷ್ಟೇ ಕಾಣುತ್ತಿತ್ತು. ದಿನವೂ ಆ ಸಿಡಿ ಹಾಕಿಕೊಂಡು, ಇವತ್ತಾದರೂ ಅವನು ಚಿಲಕ ತೆಗೆಯುತ್ತಾನೇನೋ ಎಂದು ಕಾಯುತ್ತಿದ್ದಳು. ಸಿಡಿ ಎಲ್ಲಾದರೂ ಬದಲಾಗುತ್ತದೆಯೇ, ಹುಚ್ಚು ಹುಡುಗಿ!

ರೂಟ್ ಕೆನಾಲ್ ಒಂದೇ ದಿನಕ್ಕೆ ಮುಗಿಯುವ ಕೆಲಸವಲ್ಲ. ಅವನು ಮತ್ತೆ ಬಂದ. ಮಕ್ಕಳಿಗೆ ಗಿಟಾರ್ ಹೇಳಿಕೊಡುವ ಮೇಷ್ಟ್ರಂತೆ. ಅವನೆದುರು ಅವನದೇ ಸಿಡಿ ಹಾಕಲು ನಾಚಿಕೆಯಾಗಿ ಪುಟ್ಟಿ ಪ್ಲೇಯರ್ ಮುಟ್ಟಿರಲಿಲ್ಲ.

ಅವನು ಮೂಲೆ ನೋಡಿದ. ಮುಖ ಸಣ್ಣದಾಯಿತು. "ಕೇಳಿ ಕೇಳಿ ಬೇಜಾರಾಯ್ತಾ?"

'ಇಲ್ಲ, ಪ್ರಾಣ ಅದು ನಂಗೆ!' ಅನ್ನಬೇಕಿತ್ತು. ಹಿಂದೆಯೇ ಭಾವ ನಿಂತಿದ್ದರು. "ಹೂಂ..." ಅಂದುಬಿಟ್ಟಳು.

"ಒಳ್ಳೇದಾಯ್ತು ಬಿಡಿ, ಆ ಗದ್ದಲಕ್ಕಿಂತ ನನ್ನ ಡ್ರಿಲ್ಲೇ ವಾಸಿ!" ಭಾವ ನಕ್ಕರು.

ಮೇಷ್ಟ್ರು ಕಣ್ಣು ಮುಚ್ಚಿಕೊಂಡ. ಮುಂದಿನ ಸಲ ಬರಲೇ ಇಲ್ಲ. ಅದರ ಮುಂದಿನ ವಾರವೂ...

ಮಬ್ಬು ಗಾಜಿನ ಮೇಲೆ ನೆರಳು ಸರಿದಾಗಲೆಲ್ಲ ಪುಟ್ಟಿ ಬಾಗಿಲತ್ತ ತಿರುಗುತ್ತಿದ್ದಳು. ಊಟ ರುಚಿಸಲಿಲ್ಲ. 'ಒಂದೇ ಒಂದು ಮಾತು ಆಡಲಾರದೆ ಹೋದೆನಲ್ಲ!'

ಕೊನೆಗೊಂದು ಬೆಳಿಗ್ಗೆ ಅವನು ಕೆನ್ನೆ ಹಿಡಿದುಕೊಂಡು ಬಂದ. ಪ್ರೀತಿಗೆ ಬರದಿದ್ದರೂ ಹಲ್ಲುನೋವಿಗೆ ಮನುಷ್ಯ ಬರಲೇಬೇಕಲ್ಲ!

ಪುಟ್ಟಿ ನೇರ ಹೋಗಿ 'ಒಳಕೋಣೆ' ಹಾಕಿದಳು. ಅಷ್ಟರಲ್ಲಿ ಭಾವ ಕೊಟ್ಟ ಇಂಜೆಕ್ಷನ್ ಹಿಡಿದಿತ್ತು. ಅವನು ಸೊಟ್ಟ ಬಾಯಲ್ಲಿ ಏನೋ ಗುಳುಗುಳು ಎಂದ. ಭಾವನಿಗೆ ಒಂದಕ್ಷರವೂ ತಿಳಿಯಲಿಲ್ಲ. ದಿನವೂ ಮರಗಟ್ಟಿದ ಬಾಯಿಗಳ ಮಾತು ಬಿಡಿಸಿ ಹೇಳುವುದು ಪುಟ್ಟಿಯ ಕೆಲಸ. ಅವನಂದದ್ದು ಅವಳಿಗೆ ಸ್ಪಷ್ಟವಾಗಿ ತಿಳಿಯಿತು.

'ನೀವು ಹೇಳಿದ್ದು ನಿಜ. ಆ ಬಾಗಿಲು ತೆಗೆಯೋಕೆ ಧೈರ್ಯ ಇರಲಿಲ್ಲ. ಯಾರೂ ಕೇಳಲಿಲ್ಲ ಅಂತ ಆಮೇಲೆ ನನ್ನದು ಅಂತ ಒಂದೂ ನುಡಿಸಿಲ್ಲ...'

"ಏನಂತೆ ಪುಟ್ಟಿ?"

"ನೀ... ನೀರು ಬೇಕಂತೆ ಭಾವ."

'ಈ ವಾರ ಆ ಕೊನೆಯ ಟ್ರ್ಯಾಕ್ ಮತ್ತೆ ನುಡಿಸಿ ಮುಗಿಸಿದೆ. ಮೊದಲು ನೀವೇ ಕೇಳ್ಬೇಕು. ಇವತ್ತೇ... ನನ್ನ ಜೊತೆ ಬರ್ತೀರಾ?'

"ಈಗೇನಂತೆ?"

ನೋವಂತೆ ಎನ್ನಲು ಬಾಯಿ ತೆರೆದಳು. ಮೂಲೆಯಲ್ಲಿ ಗಿಟಾರ್ ಬಾಗಿಲವರೆಗೂ ಓಡಿ ಬಂದು... ಎಂದಿನಂತೆ ಹಿಂದೆ ತಿರುಗಿತು.

'ಅವನನ್ನ ಹೇಡಿ ಅಂದಿದ್ದು ಇದೇ ಬಾಯಲ್ವಾ?'

"ನನ್ನನ್ನ ಕರೀತಿದ್ದಾರೆ ಭಾವ. ಅವರ ಗಿಟಾರ್ ಕೇಳೋಕೆ." ಕೈಯಲ್ಲಿದ್ದ ಹತ್ತಿಯನ್ನು ಟ್ರೇಯಲ್ಲಿಟ್ಟಳು. "ನಾನು... ನಾನು ಹೋಗ್ತೀನಿ."

ಭಾವನ ಕೈಯ ಡ್ರಿಲ್ ನಿಂತಿತು.

"ಮತ್ತೆ ನನ್ನ ಕೈಗೆ ಕೈ ಜೋಡ್ಸೋರ್ಯಾರು?"

ಪ್ರತಿ ಸಲವೂ ಈ ಮಾತಿಗೇ ಅವಳು ಸೋಲುತ್ತಿದ್ದಳು. ಇಂದೂ ಕಣ್ಣು ತುಂಬಿತು. ಆದರೆ ನಿಂತಲ್ಲಿಂದ ಕದಲಲಿಲ್ಲ. "ಟ್ರೇಯಲ್ಲಿ ಎಲ್ಲ ಜೋಡ್ಸಿಟ್ಟಿದೀನಿ ಭಾವ. ಎಡಗಡೆಯಿಂದ ತಗೊಳ್ಳಿ."

ಭಾವ ಅವಳನ್ನೇ ನೋಡಿದರು. ಹೊಸದಾಗಿ ನೋಡಿದಂತೆ. ಮಾಸ್ಕ್ ಸರಿಮಾಡಿಕೊಂಡರು.

"ನಿಮ್ಮಕ್ಕನಿಗೆ ನಾನು ಹೇಳ್ಕೋತೀನಿ. ಮೊದ್ಲು ಇವರ ಹಲ್ಲು ಮುಗಿಸೋಕೆ ಬಿಡು ಮಾರಾಯ್ತಿ!"

ಬಾಗಿಲಾಚೆ ಬಿಸಿಲು ಕಣ್ಣು ಕುಕ್ಕಿತು. ಪುಟ್ಟಿ ಏಪ್ರನ್ ಬಿಚ್ಚುವುದನ್ನೂ ಮರೆತಿದ್ದಳು. ಪಕ್ಕದಲ್ಲಿ ಬರುತ್ತಿದ್ದ ಮೇಷ್ಟ್ರು ಸೊಟ್ಟ ಬಾಯಲ್ಲೇ ಮೆಲ್ಲಗೆ ಏನೋ ಅಂದ. ಅವಳ ಕೆನ್ನೆ ಕೆಂಪಾಯಿತು.

"ಅರ್ಥ ಆಯ್ತಾ?" ಅವನು ಹೆದರುತ್ತ ಕೇಳಿದ.

"ಆಯ್ತು... ಆದ್ರೆ ಬಾಯಿ ಸರಿಹೋದ ಮೇಲೆ ಇನ್ನೊಂದ್ಸಲ ಹೇಳ್ಬೇಕು."

"ಯಾಕೆ?"

"ಇಷ್ಟು ದಿನ ನಂಗೊಬ್ಬಳಿಗೇ ಅರ್ಥ ಆಗ್ತಿತ್ತು. ಇನ್ಮೇಲೆ ಎಲ್ಲರಿಗೂ ಆಗ್ಲಿ!"