ಎರಡನೇ ರಿವ್ಯೂವರ್

"ಇನ್ನೊಂದೇ ಸಲ ಕೇಳ್ತೀನಿ... ಯಾರು ಕಳಿಸಿದ್ದು ನಿನ್ನ?"

ನನ್ನ ಬಲಗೈ ಪೇಪರ್ ಕತ್ತರಿಸುವ ಮೆಷಿನ್ನಿನ ಬಾಯಲ್ಲಿತ್ತು. ಮಣಿಕಟ್ಟಿನಿಂದ ಒಂದು ಗೇಣು ಮೇಲೆ ಬ್ಲೇಡು. ರೀಮುಗಟ್ಟಲೆ ಕಾಗದವನ್ನು ಬಾಳೆಹಣ್ಣಿನ ಹಾಗೆ ಕೊಯ್ಯುವ ಬ್ಲೇಡು. ನನ್ನ ಕೈ ಅದಕ್ಕೆ ಯಾವ ಲೆಕ್ಕ!

ಕೈ ಹಿಡಿದವನು ಆ ಪ್ರೆಸ್ಸಿನ ಬೈಂಡರ್. ಆಳು ಬೀರುವಿನಷ್ಟಿದ್ದ. ಉಗುರಿನ ಸಂದಿಯಲ್ಲೆಲ್ಲ ಗೋಂದು.

"ಯಾರೂ ಕಳಿಸಿಲ್ಲಪ್ಪಾ... ಈ ಜರ್ನಲ್ ಕೊಂಡ್ಕೊಳ್ಳೋಣ ಅಂತ ಬಂದೆ."

"ವಿದೇಶಿ ಭಾಷೆಗಳ ರಿಸರ್ಚ್ ಜರ್ನಲ್ಲು! ಇದನ್ನ ಬರೆದೋರೇ ಕೊಂಡ್ಕೊಳ್ಳಲ್ಲ. ನೀನು ಕೊಂಡ್ಕೋತೀಯಾ?"

ಮಾತು ನಿಜ.

ಬೆವರು ಕಣ್ಣಿಗಿಳಿಯಿತು. ಬೇಡಿಕೊಂಡೆ. ಹೌದು, ನಾನೇ! ನನ್ನನ್ನು ಎಲ್ಲರೂ 'ಇಕ್ಕಳ' ಅನ್ನುತ್ತಾರೆ. ಓಡಿಹೋದ ಗಂಡಂದಿರನ್ನು, ಸತ್ತಂತೆ ನಟಿಸಿದ ಪಾಲಿಸಿದಾರರನ್ನು ಹುಡುಕಿ ಹಿಡಿಯುವುದು ನನ್ನ ಕಸುಬು. ಹಿಡಿದರೆ ಬಿಡುವವನಲ್ಲ. ಅಂಥವನು ಆ ಹೊತ್ತು "ಅಪ್ಪಾ, ಅಣ್ಣಾ, ದಮ್ಮಯ್ಯ" ಅಂದೆ. ನನ್ನ ತಂಗಿ ಪಕ್ಕದಲ್ಲಿದ್ದಿದ್ದರೆ ಬರೆದುಕೊಳ್ಳುತ್ತಿದ್ದಳು.

ಏಕೆಂದರೆ ಅವಳ ರಿಸರ್ಚೇ ಅದು!

ಇಲ್ಲಿಗೆ ಹೇಗೆ ಬಂದು ಸಿಕ್ಕಿಕೊಂಡೆ ಅಂತೀರಾ? ಹೇಳುತ್ತೇನೆ. ಕೈ ಅಲ್ಲೇ ಇರಲಿ.

ತಂಗಿ ಯೂನಿವರ್ಸಿಟಿಯಲ್ಲಿ ವಿದೇಶಿ ಭಾಷೆ ಕಲಿಸುವವಳು. ಕಾಂಟ್ರಾಕ್ಟ್ ಕೆಲಸ. ಪಾಠ ಹೇಳುವುದು ಬಿಟ್ಟರೆ ಪಾಪ, ಅವಳಿಗೆ ಬೇರೆ ಲೋಕವೇ ಇಲ್ಲ. ಅರೆಬರೆ ಬರುವ ಭಾಷೆಯಲ್ಲಿ ಜನ ಹೇಗೆ ಅಂಗಲಾಚುತ್ತಾರೆ ಎಂದು ತಿಳಿಯಲು ವರ್ಷಗಟ್ಟಲೆ ಆಸ್ಪತ್ರೆಗಳ ಕಾರಿಡಾರಿನಲ್ಲಿ ಕೂತಳು. ಪರದೇಶದಿಂದ ಬಂದ ಕೂಲಿಗಳು, ಹಡಗಿನವರು, ಮಗುವನ್ನು ಎತ್ತಿಕೊಂಡು ಓಡಿಬಂದ ತಾಯಂದಿರು... ಡಾಕ್ಟರ ಮುಂದೆ ಅವರು ಆಡಿದ ಒಂದೊಂದು ಮಾತನ್ನೂ ಬರೆದುಕೊಂಡಳು. ಅದನ್ನೆಲ್ಲ ಪೇಪರ್ ಮಾಡಿ ಒಂದು ದೊಡ್ಡ ಜರ್ನಲ್ಲಿಗೆ ಕಳಿಸಿದಳು.

ಅಲ್ಲಿ ಬ್ಲೈಂಡ್ ರಿವ್ಯೂ. ಪೇಪರ್ ಓದಿ ತೀರ್ಪು ಕೊಡುವ ರಿವ್ಯೂವರ್ ಯಾರೆಂದು ಬರೆದವರಿಗೆ ಗೊತ್ತಾಗಬಾರದು. ಗೊತ್ತಿರುವುದು ಎಡಿಟರಮ್ಮನಿಗೆ ಮಾತ್ರ.

ಮೊದಲನೇ ರಿವ್ಯೂವರ್ ಸೈ ಅಂದ. ಎರಡನೆಯವನು ಜೀವ ಹಿಂಡಿದ! ಅದು ಬದಲಿಸಿ, ಇದು ತಿದ್ದಿ, ಮತ್ತೆ ಕಳಿಸಿ. ಆಮೇಲೆ ಒಂದು ರಿಪೋರ್ಟಿನಲ್ಲಿ ಬರೆದ: "'ಭಿಕ್ಷೆಯ ವ್ಯಾಕರಣ' ಎಂಬ ಮಹತ್ವದ ಲೇಖನವನ್ನು ಲೇಖಕರು ಓದಿದಂತಿಲ್ಲ. ಅಗತ್ಯವಾಗಿ ಉಲ್ಲೇಖಿಸತಕ್ಕದ್ದು."

ತಂಗಿ ಆ ಲೇಖನಕ್ಕಾಗಿ ಲೈಬ್ರರಿಗಳನ್ನೆಲ್ಲ ಜಾಲಾಡಿದಳು. ಎಲ್ಲಿಯೂ ಇಲ್ಲ. ಬೇಸತ್ತು ಆ ರಿಪೋರ್ಟನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದಳು. ನೀರು ಕುಡಿಯಲು ಹೋದಾಗಲೆಲ್ಲ ನಾನೂ ಓದುತ್ತಿದ್ದೆ.

ನಿನ್ನೆ ಆ ಲೇಖನ ಸಿಕ್ಕಿತು... ಅವಳ ಕುತ್ತಿಗೆಗೇ ಬಂತು!

ಅವಳ ವಿಭಾಗದ ಮುಖ್ಯಸ್ಥ, ಎಲ್ಲರೂ 'ಮೇಷ್ಟ್ರು' ಅನ್ನುವ ದೊಡ್ಡ ಮನುಷ್ಯ, ರಿಜಿಸ್ಟ್ರಾರ್ ಮುಂದೆ ಒಂದು ಜರ್ನಲ್ ಇಟ್ಟ. ಬೇರೆ ಜರ್ನಲ್, ಬೇರೆ ಭಾಷೆ. ಮುಖಪುಟದ ಮೇಲೆ ಹೋದ ವರ್ಷದ ತಾರೀಖು. ಒಳಗೆ 'ಭಿಕ್ಷೆಯ ವ್ಯಾಕರಣ'. ಬರೆದವರು ಮೇಷ್ಟ್ರು. ಒಳಗಿದ್ದುದೆಲ್ಲ ನನ್ನ ತಂಗಿ ಬರೆದುಕೊಂಡ ಮಾತುಗಳೇ!

"ಅಣ್ಣಾ... ನಾನೇ ಕದ್ದಿದ್ದೀನಂತೆ!"

ಫೋನಿನಲ್ಲಿ ಬಿಕ್ಕುತ್ತಿದ್ದಳು.

"ರಿವ್ಯೂವರ್ ಈ ಲೇಖನದ ಹೆಸರು ಹಿಡಿದೇ ಹೇಳಿದ್ರಂತೆ, ಓದು ಅಂತ. ನಾನು ಓದಿ ಕದ್ದು, ಸಿಗಲಿಲ್ಲ ಅಂತ ನಾಟಕ ಆಡಿದ್ನಂತೆ. ಯಾರು ನಂಬ್ತಾರೆ ಅಣ್ಣಾ?"

"ಮೇಷ್ಟ್ರೇ ಆ ಎರಡನೇ ರಿವ್ಯೂವರ್ ಆಗಿದ್ರೆ?"

"ಮೊನ್ನೆ ವಿಭಾಗದ ಫೈಲಲ್ಲಿ ಕಾಣೋವರೆಗೆ ನಿನ್ನ ಪೇಪರ್ ನಾನು ಕಣ್ಣಿಂದ ನೋಡಿರಲಿಲ್ಲಮ್ಮ ಅಂತಾರೆ. ತಪ್ಪೊಪ್ಪಿಗೆ ಬರೆದುಕೊಟ್ರೆ ಮರ್ಯಾದೆಯಿಂದ ಕಳಿಸ್ತಾರಂತೆ. ಇಲ್ಲಾಂದ್ರೆ ಇನ್ಯಾವ ಕ್ಲಾಸ್‌ರೂಮಿಗೂ ಕಾಲಿಡದ ಹಾಗೆ ಮಾಡ್ತಾರಂತೆ."

ಎಡಿಟರಮ್ಮನ ಮನೆಗೆ ಓಡಿದೆ. ಬೆಳ್ಳಿ ಕೂದಲು, ಬಿಗಿದ ತುಟಿ.

"ಎರಡನೇ ರಿವ್ಯೂವರ್ ಯಾರು ತಾಯಿ?"

"ಹೇಳೋ ಹಾಗಿಲ್ಲ."

"ನನ್ನ ತಂಗಿ ಬೀದಿಗೆ ಬೀಳ್ತಾಳೆ!"

"ಗೊತ್ತಪ್ಪಾ. ಒಂದು ಹೆಸರು ಬಾಯಿ ಬಿಟ್ರೆ ನಾಳೆ ಯಾರೂ ನಿಜವಾದ ಅಭಿಪ್ರಾಯ ಬರೆಯಲ್ಲ. ನನ್ನ ಕೈ ಕಡಿದ್ರೂ ಹೇಳಲ್ಲ."

ಕಡಿಸಿಕೊಳ್ಳುವ ಸರದಿ ನನ್ನದೆಂದು ಆಗ ಗೊತ್ತಿರಲಿಲ್ಲ.

ಫೋನ್ ಇಡುವಾಗ ತಂಗಿ ಹೇಳಿದ್ದ ಇನ್ನೊಂದು ಮಾತು ತಲೆಯಲ್ಲಿ ಕೊರೆಯುತ್ತಿತ್ತು. "ಅಣ್ಣಾ, ಪುಸ್ತಕದ ಹಾಳೆಗಳು ಅಂಟಂಟಾಗಿದ್ವು." ಹೋದ ವರ್ಷದ ಪುಸ್ತಕಕ್ಕೆ ಹಸಿ ಗೋಂದೇ? ಹಿಂದಿನ ರಟ್ಟಿನ ಮೇಲೆ ಪ್ರೆಸ್ಸಿನ ವಿಳಾಸ ಇತ್ತಂತೆ. ಇವತ್ತು ಮಧ್ಯಾಹ್ನ ಅಲ್ಲಿಗೆ ನುಗ್ಗಿದೆ.

ಅದೇ ಪುಸ್ತಕ! ರಾಶಿ ರಾಶಿ! ಮುಖಪುಟದ ಮೇಲೆ ಹೋದ ವರ್ಷ. ಬೆನ್ನಿನ ಮೇಲೆ ಒದ್ದೆ ಗೋಂದು. ತಡವಾದ ಸಂಚಿಕೆಗೆ ಹಳೇ ತಾರೀಖು ಹಾಕಿ ಈಗ ಅಚ್ಚು ಮಾಡುವುದು ಈ ಜರ್ನಲ್ಲುಗಳ ಮಾಮೂಲು ಪದ್ಧತಿಯಂತೆ. ಯಾರೂ ಕೇಳುವುದಿಲ್ಲ, ಯಾರೂ ಓದುವುದಿಲ್ಲವಲ್ಲ!

ಒಂದು ಪ್ರತಿ ಎತ್ತಿ ಶರ್ಟಿನೊಳಗೆ ತುರುಕಿದೆ. ಅಷ್ಟರಲ್ಲಿ ಹಿಂದಿನಿಂದ ಬೀರು ಬಂದು ಬಿತ್ತು.

ಈಗ ಕೈಗೆ ಬರೋಣ.

"ನಮ್ಮ ಬಾವ ಹೇಳಿದ್ರು, ಯಾರಾದ್ರೂ ಮೂಗು ತೂರಿಸ್ಕೊಂಡು ಬರ್ತಾರೆ ಅಂತ!"

"ಬಾವ? ಮೇಷ್ಟ್ರು ನಿನ್ನ ಬಾವನಾ?"

ಬೈಂಡರ್ ನಾಲಿಗೆ ಕಚ್ಚಿಕೊಂಡ. ಸಿಟ್ಟು ನೆತ್ತಿಗೇರಿತು. ಅವನ ಎಡಗೈ ಬಟನ್ನಿನ ಕಡೆ ಹೋಯಿತು.

ಬಟನ್!

ಆಗ ಕಂಡಿತು. ಒಂದಲ್ಲ, ಎರಡು. ಮೆಷಿನ್ನಿನ ಆ ತುದಿಗೊಂದು, ಈ ತುದಿಗೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಬ್ಲೇಡು ಇಳಿಯುತ್ತದೆ. ಕೆಲಸಗಾರರ ಬೆರಳು ಉಳಿಯಲಿ ಅಂತ ಯಾರೋ ಪುಣ್ಯಾತ್ಮ ಮಾಡಿದ ಏರ್ಪಾಡು.

"ಗುರುವೇ..." ಅಂದೆ. "ಇನ್ನೊಂದು ಬಟನ್ನು ಯಾವ ಕೈಲಿ ಒತ್ತುತೀಯಾ?"

ಅವನು ತನ್ನ ಕೈಗಳನ್ನು ನೋಡಿಕೊಂಡ. ಒಂದು ಬಟನ್ನಿನ ಮೇಲೆ. ಇನ್ನೊಂದು ನನ್ನ ಮಣಿಕಟ್ಟಿನ ಮೇಲೆ.

ಅಷ್ಟು ಸಾಕಿತ್ತು!

ಗೋಂದಿನ ಬಕೆಟ್ಟಿಗೆ ಒದ್ದೆ. ಅವನ ಕಾಲ ಕೆಳಗೆಲ್ಲ ಗೋಂದು ಹರಿಯಿತು. ಜಾರಿದ. ಹಿಡಿತ ಸಡಿಲಿತು. ಕೈ ಎಳೆದುಕೊಂಡು ಓಡಿದೆ!

ಹಿಂಬಾಗಿಲು. ರದ್ದಿ ಕಾಗದದ ಮೂಟೆಗಳು. ಕಾಂಪೌಂಡ್ ಗೋಡೆ. ಗೋಡೆಯ ಮೇಲಿನ ಗಾಜಿನ ಚೂರು ಅಂಗೈ ಸೀಳಿತು. ಬ್ಲೇಡಿನಿಂದ ಉಳಿದ ಕೈ ಬಾಟಲಿಗೆ ಬಲಿಯಾಯಿತು! ಬೀದಿಗೆ ಬಿದ್ದೆ. ಹಿಂದೆ ಪ್ರೆಸ್ಸಿನ ವ್ಯಾನ್ ಗುರ್ ಎಂದಿತು. ಹೊರಟಿದ್ದ ಬಸ್ಸಿನ ಬಾಗಿಲಿಗೆ ಜೋತುಬಿದ್ದೆ. ವ್ಯಾನು ಪಕ್ಕಕ್ಕೇ ಬಂದು ಉಜ್ಜಿತು. ಕಾಲು ಮಡಚಿಕೊಂಡೆ, ಇಲ್ಲದಿದ್ದರೆ ಕಾಲೂ ಹೋಗುತ್ತಿತ್ತು.

"ಸಾಯೋಕೆ ಬೇರೆ ಬಸ್ಸು ಸಿಗಲಿಲ್ವೇನ್ರೀ?" ಎಂದ ಕಂಡಕ್ಟರ್.

ಫೋನ್ ಮಿಣುಗಿತು. ತಂಗಿಯ ಮೆಸೇಜು.

"ಸಾಕಾಗಿದೆ ಅಣ್ಣಾ. ಸಹಿ ಹಾಕಿಬಿಡ್ತೀನಿ."

ಫೋನ್ ಮಾಡಿದೆ. ಸ್ವಿಚ್ಡ್ ಆಫ್! ನನ್ನ ಜೀವ ಬಾಯಿಗೆ ಬಂತು. ಆ ಸಹಿ ಬಿದ್ದರೆ ಆಮೇಲೆ ದೇವರು ಬಂದು ಸಾಕ್ಷಿ ಹೇಳಿದರೂ ಅವಳು ಕಳ್ಳಿಯೇ. ಸಿಗ್ನಲ್ಲಿನಲ್ಲಿ ಬಸ್ಸು ನಿಂತಿತು. ಇಳಿದು ಓಡಿದೆ.

ಯೂನಿವರ್ಸಿಟಿ. ಮೆಟ್ಟಿಲು. ಉದ್ದ ಕಾರಿಡಾರ್. ಬಾಗಿಲಿಗೆ ಭುಜ ಕೊಟ್ಟೆ.

ಉದ್ದನೆಯ ಮೇಜು. ಆ ತುದಿಯಲ್ಲಿ ರಿಜಿಸ್ಟ್ರಾರ್. ಪಕ್ಕದಲ್ಲಿ ಮೇಷ್ಟ್ರು, ಇಸ್ತ್ರಿ ಮಾಡಿದ ಮುಖ. ಸಾಕ್ಷಿಗೆಂದು ಕರೆಸಿದ್ದ ಎಡಿಟರಮ್ಮ ತಲೆ ಬಗ್ಗಿಸಿ ಕೂತಿದ್ದರು. ಈ ತುದಿಯಲ್ಲಿ ನನ್ನ ತಂಗಿ. ಕೈಯಲ್ಲಿ ಪೆನ್ನು. ಹೆಸರಿನ ಮೊದಲಕ್ಷರ ಬರೆದಾಗಿತ್ತು!

ಪೆನ್ನು ಕಿತ್ತುಕೊಂಡೆ. ತಪ್ಪೊಪ್ಪಿಗೆಯ ಮೇಲೆ ನನ್ನ ರಕ್ತ ತೊಟ್ಟಿಕ್ಕಿತು.

"ಅಣ್ಣಾ! ಏನಿದು ಕೈ?"

"ಆಮೇಲೆ ಹೇಳ್ತೀನಿ. ನೀನು ಏನೂ ಬರೀಬೇಡ."

"ಯಾರ್ರೀ ನೀವು? ಹೊರಗೆ ನಡೀರಿ!" ರಿಜಿಸ್ಟ್ರಾರ್ ಎದ್ದು ನಿಂತರು.

ಪುಸ್ತಕ ತೆಗೆದು ಅವರ ಮುಂದೆ ಇಟ್ಟೆ. "ಬೆನ್ನು ಮುಟ್ಟಿ ನೋಡಿ ಸಾರ್."

ಮುಟ್ಟಿದರು. ಬೆರಳು ಅಂಟಿಕೊಂಡಿತು. ಹುಬ್ಬು ಮೇಲೇರಿತು.

"ಇವತ್ತು ಬೈಂಡಾಗ್ತಿದೆ. ಪ್ರೆಸ್ಸಿಗೆ ಈಗಲೇ ಆಳು ಕಳಿಸಿ, ರಾಶಿ ಬಿದ್ದಿದೆ. ಹೋದ ವರ್ಷ ಈ ಪುಸ್ತಕ ಹುಟ್ಟೇ ಇರಲಿಲ್ಲ!"

ಮೇಷ್ಟ್ರು ನಕ್ಕ. ಅವನ ಬಳಿ ಉತ್ತರ ಸಿದ್ಧವಿತ್ತು.

"ಸಂಚಿಕೆ ತಡವಾಗಿದೆ, ಒಪ್ಕೋತೀನಿ. ಎಲ್ಲಾ ಜರ್ನಲ್ಲೂ ಹಾಗೇ. ಲೇಖನ ನಾನು ಹೋದ ವರ್ಷವೇ ಬರೆದಿದ್ದು."

ರಿಜಿಸ್ಟ್ರಾರ್ ತಲೆದೂಗಿದರು. ತಂಗಿ ಕಣ್ಣು ಮುಚ್ಚಿಕೊಂಡಳು. ಮುಗಿಯಿತು ಅನ್ನಿಸಿತು. ಮೇಜಿನ ಮೇಲಿದ್ದ ನೀರಿನ ಲೋಟಕ್ಕೆ ಕೈ ಚಾಚಿದೆ...

ನೀರು. ಫ್ರಿಜ್. ಫ್ರಿಜ್ ಬಾಗಿಲಿನ ಮೇಲಿನ ರಿಪೋರ್ಟು!

ಕೈ ಮುಗಿದೆ. ದನಿ ಮೆತ್ತಗೆ ಮಾಡಿಕೊಂಡೆ.

"ತಪ್ಪು ತಿಳೀಬೇಡಿ ಮೇಷ್ಟ್ರೇ. ಎಂಥಾ ಲೇಖನ! ಯಾರಾದ್ರೂ ಸಹಾಯ ಮಾಡಿದ್ರಾ? ಯಾರಿಗಾದ್ರೂ ಓದೋಕೆ ಕೊಟ್ಟಿದ್ರಾ?"

ಮೇಷ್ಟ್ರಿಗೆ ರೇಗಿತು. "ಸಹಾಯಾನಾ? ನನಗಾ? ನಾನೊಬ್ಬನೇ ಬರೆದಿದ್ದು. ಅಚ್ಚಾಗೋವರೆಗೆ ಒಂದು ನರಪಿಳ್ಳೆಗೂ ತೋರಿಸಿಲ್ಲ!"

"ಲೇಖನದ ಹೆಸರನ್ನಾದ್ರೂ ಯಾರಿಗಾದ್ರೂ ಹೇಳಿದ್ರಾ?"

"ಹೆಸರೂ ಹೇಳಿಲ್ಲ. ಎಲ್ಲೆಲ್ಲೂ ಕಳ್ಳರಿದ್ದಾರೆ ಕಣಪ್ಪಾ!"

"ಇದ್ದಾರೆ ಸಾರ್... ನಿನ್ನೆವರೆಗೆ ಅಚ್ಚಾಗಿಲ್ಲ. ಯಾರಿಗೂ ತೋರಿಸಿಲ್ಲ. ಮತ್ತೆ ನನ್ನ ತಂಗಿ ಎಲ್ಲಿಂದ ಕದ್ದಳು?"

ಮೇಷ್ಟ್ರು ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡ.

"ಇನ್ನೊಂದು. ಎಷ್ಟೋ ತಿಂಗಳ ಹಿಂದೆ ಎರಡನೇ ರಿವ್ಯೂವರ್ ಇದೇ ಲೇಖನದ ಹೆಸರು ಬರೆದು, ಉಲ್ಲೇಖಿಸು ಅಂದಿದ್ದಾನೆ. ಹುಟ್ಟದ ಕೂಸಿನ ಹೆಸರು ಅವನಿಗೆ ಹೇಗೆ ಗೊತ್ತಾಯ್ತು ಸಾರ್? ಹೆರೋನಿಗೆ ಬಿಟ್ರೆ ಇನ್ಯಾರಿಗೆ ಗೊತ್ತಿರುತ್ತೆ?"

ಎಡಿಟರಮ್ಮ ಕನ್ನಡಕ ತೆಗೆದರು.

"ರಿವ್ಯೂವರ್ ಹೆಸರು ನಾನು ಈಗಲೂ ಹೇಳಲ್ಲ" ಎಂದರು. "ಆದ್ರೆ ಆ ರಿಪೋರ್ಟ್ ಕಳಿಸಿದ್ದು ನಾನೇ. ಅದರಲ್ಲಿ ಈ ಲೇಖನದ ಹೆಸರು ಇತ್ತು. ತಾರೀಖು ನನ್ನ ಕಂಪ್ಯೂಟರಿನಲ್ಲಿದೆ."

ಮೇಷ್ಟ್ರ ಮುಖದ ಇಸ್ತ್ರಿ ಪೂರ್ತಿ ಹೋಗಿತ್ತು.

ನೋಡಿದಿರಾ ಅವನ ಆಸೆ? ತಂಗಿಯ ಪೇಪರನ್ನು ಬೇರೆ ಭಾಷೆಗೆ ತಿರುಗಿಸಿಕೊಂಡ. ಹಳೇ ತಾರೀಖು ಹಾಕಿಸಿದ. ಸುಮ್ಮನಿದ್ದಿದ್ದರೆ ಬ್ರಹ್ಮನಿಗೂ ತಿಳಿಯುತ್ತಿರಲಿಲ್ಲ. ಆದರೆ ಪಂಡಿತನಲ್ಲವೇ? ಕದ್ದ ಮಾಲಿಗೂ ಉಲ್ಲೇಖದ ಮರ್ಯಾದೆ ಬೇಕಾಯಿತು... ಅದೂ ಮಾಲಿನ ಒಡತಿಯಿಂದಲೇ!

ರಿಜಿಸ್ಟ್ರಾರ್ ತಪ್ಪೊಪ್ಪಿಗೆಯನ್ನು ಹರಿದು ಹಾಕಿದರು. ತಂಗಿ ನನ್ನ ಗಾಯದ ಕೈ ಹಿಡಿದುಕೊಂಡು ಮಗುವಿನ ಹಾಗೆ ಅತ್ತಳು. ನಾನೂ ಅತ್ತೆ. ಇಕ್ಕಳವೂ ಅಳುತ್ತದೆ ಸ್ವಾಮಿ.

ಮೇಷ್ಟ್ರು ಸಸ್ಪೆಂಡ್ ಆದ. ಬಾವಮೈದ ಪೊಲೀಸರ ಕೈಗೆ ಸಿಕ್ಕ. ಎಲ್ಲ ಸುಖವಾಯಿತು ಅಂದುಕೊಂಡಿರಾ?

ಇಲ್ಲ. ಪೇಪರನ್ನು ಮತ್ತೆ ಮೊದಲಿನಿಂದ ಕಳಿಸಬೇಕೆಂದರು ಎಡಿಟರಮ್ಮ. ಹೊಸ ಎರಡನೇ ರಿವ್ಯೂವರ್. ತಿಂಗಳುಗಟ್ಟಲೆ ಕಾದೆವು. ಕೊನೆಗೆ ರಿಪೋರ್ಟ್ ಬಂತು.

"ಉತ್ತಮ ಲೇಖನ. ಆದರೆ ಈ ಮೂರು ಮಹತ್ವದ ಲೇಖನಗಳನ್ನು ಅಗತ್ಯವಾಗಿ ಉಲ್ಲೇಖಿಸತಕ್ಕದ್ದು."

ನಾನು ಬೈಕಿನ ಕೀ ಎತ್ತಿಕೊಂಡೆ.

"ಎಲ್ಲಿಗೆ?"

"ಯಾರವನು ಅಂತ ನೋಡ್ಕೊಂಡು ಬರ್ತೀನಿ."

"ಕೂತ್ಕೋ ಅಣ್ಣಾ... ಇನ್ನೊಂದು ಕೈ ಇರಲಿ."

ಉಲ್ಲೇಖಿಸಿದಳು. ಮೂರನ್ನೂ.

ಮೂರೂ ಒಬ್ಬನವೇ!