ಮಿಂಚಬಾರದ ಹಕ್ಕಿಗಳು

ಇನ್ನು ಏಳೇ ಏಳು ಹಕ್ಕಿ ಉಳಿದಿದ್ದವು. ಅಸ್ರಾ ಬ್ರಷ್ಷನ್ನು ವಾರ್ನಿಷ್ ಡಬ್ಬಿಯಲ್ಲಿ ಅದ್ದಿ, ಐವತ್ತನಾಲ್ಕನೆಯ ಮರದ ಹಕ್ಕಿಯ ಬೆನ್ನ ಮೇಲೆ ಎಳೆದಳು. ಕಪ್ಪು ಬೆನ್ನು ಪಳಪಳ ಹೊಳೆಯಿತು.

"ಬೇಗ ಮಾಡೇ! ದಾದಾ ಬಂದ್ಬುಟ್ರೆ ಇಬ್ಬರಿಗೂ ಐತೆ ಹಬ್ಬ," ಎಂದ ಅದ್ನಾನ್. ಅವನು ಅಸ್ರಾಳ ಚಿಕ್ಕಪ್ಪನ ಮಗ. ಕಾರ್ಖಾನೆಯ ಬಾಗಿಲಲ್ಲಿ ಕಾವಲು ನಿಂತಿದ್ದ. ಅವನ ಕಾವಲು ಅಂದರೆ ಬೀದಿ ನೋಡುತ್ತಾ ಕಡಲೆಕಾಯಿ ತಿನ್ನುವುದು, ಅಷ್ಟೆ.

"ದಾದಾ ಐದು ಗಂಟೆ ಬಸ್ಸಿಗೆ ಬರೋದು. ನೀನು ಸುಮ್ನೆ ನಿಂತ್ಕೋ," ಎಂದಳು ಅಸ್ರಾ.

ಕಾರ್ಖಾನೆ ಅಂದರೆ ದೊಡ್ಡದೇನಲ್ಲ. ಮನೆಯ ಮುಂದಿನ ಒಂದು ಕೋಣೆ, ಅದರಲ್ಲೊಂದು ಲೇತ್ ಮಿಷಿನ್, ಮೂಲೆಯಲ್ಲಿ ಹಾಲೆ ಮರದ ತುಂಡುಗಳು. ಅಸ್ರಾಳ ದಾದಾ, ಅಂದರೆ ಅಜ್ಜ, ಪೀರ್ ಸಾಬ್ ಅಲ್ಲಿ ಕೂತು ನಲವತ್ತು ವರ್ಷದಿಂದ ಗೊಂಬೆ ಕಡೆಯುತ್ತಿದ್ದರು. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರಿಗೇನು ಬರವೇ? ಆದರೂ ಅಂಗಡಿಯವರು ಒಂದು ಬುಗುರಿಯನ್ನು ಎತ್ತಿ ಬೆಳಕಿಗೆ ಹಿಡಿದು, "ಇದು ಪೀರ್ ಸಾಬ್ರ ಕೈಯಿ" ಎಂದು ಥಟ್ಟನೆ ಹೇಳಿಬಿಡುತ್ತಿದ್ದರು. ಗಿರಗಿರ ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತಿ, ಮೇಲೆ ತಾಳೆಗರಿ, ಅಂದರೆ ಕೇದಗೆಯ ಎಲೆ, ಹಿಡಿದು ಅವರು ಉಜ್ಜಿದರೆ, ಆ ಮಿಂಚಿನಲ್ಲಿ ನಿಮ್ಮ ಮುಖ ನೀವು ನೋಡಿಕೊಳ್ಳಬಹುದಿತ್ತು.

ಈ ಅರವತ್ತು ಹಕ್ಕಿಗಳಲ್ಲಿ ಮಾತ್ರ ಯಾರ ಮುಖವೂ ಕಾಣುತ್ತಿರಲಿಲ್ಲ. ಬೂದಿ ಬಳಿದ ಹಾಗೆ ಮಂಕಾಗಿದ್ದವು. ತಿಂಗಳ ಹಿಂದೆ ಯಾರೋ ಮೇಡಂ ಫೋಟೋ, ಅಳತೆ ಎಲ್ಲ ಕಳಿಸಿ ಆರ್ಡರ್ ಕೊಟ್ಟಿದ್ದರು. "ಇವಕ್ಕೆ ಮಿಂಚು ಬೇಡ್ವಂತೆ ಬೇಟಾ," ಎಂದು ದಾದಾ ಹೇಳಿದ್ದರು.

ಅದನ್ನು ಕೇಳಿ ಅದ್ನಾನ್ ನಕ್ಕುಬಿಟ್ಟಿದ್ದ. "ಮಿಂಚು ಬೇಡ ಅಂತ ಯಾರಾದ್ರೂ ಅಂತಾರಾ? ಉಪ್ಪಿಲ್ದಿದ್ ಬಿರಿಯಾನಿ ಕೊಡಿ ಅಂದಂಗಾಯ್ತು. ದಾದಾ ಕೈ ನಡುಗ್ತೈತಲ್ಲ, ಅದಕ್ಕೇ ಹಂಗಂತಾರೆ."

ಆ ಮಾತು ಅಸ್ರಾಳಿಗೆ ಮುಳ್ಳಿನ ಹಾಗೆ ಚುಚ್ಚಿತ್ತು. ದಾದಾರ ಕೈ ನಡುಗುವುದು ನಿಜ. ಇವತ್ತು ಅವರು ಅಮ್ಮಿಯ ಜೊತೆ ರಾಮನಗರಕ್ಕೆ ಹೋಗಿದ್ದೂ ಅದರ ಔಷಧಿಗೇ. ನಾಳೆ ಆ ಮೇಡಂ ಬಂದು ಹಕ್ಕಿಗಳನ್ನು ನೋಡಿ, "ಅಯ್ಯೋ, ಮುದುಕರ ಕೈ ಹೋಯ್ತು" ಅಂದುಬಿಟ್ಟರೆ? ಊರೆಲ್ಲ ಹೇಳಿಕೊಂಡು ಬಂದರೆ? ದಾದಾರ ಹೆಸರು ಉಳಿಸಬೇಕು ಎಂದು ಅಸ್ರಾ ತೀರ್ಮಾನಿಸಿದ್ದಳು.

ಅರವತ್ತನೆಯ ಹಕ್ಕಿಯೂ ಹೊಳೆಯಿತು. ವಾರ್ನಿಷ್ ಒಣಗಿದ ಮೇಲೆ ಅವಳು ಎಲ್ಲಕ್ಕೂ ಬಟ್ಟೆ ಹೊದಿಸಿ ಬಾಗಿಲು ಹಾಕಿದಳು. ದಾದಾ ಸಂಜೆ ಸುಸ್ತಾಗಿ ಬಂದು ಮಲಗಿಬಿಟ್ಟರು.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಗೂಡ್ಸ್ ಗಾಡಿಯೊಂದು ಬಂದು ನಿಂತಿತು. ಅದರಿಂದ ಇಳಿದ ಮೇಡಂ ಭಾನುಪ್ರಿಯ ಅವರನ್ನು ನೋಡಿ ಅಸ್ರಾಳಿಗೆ ಆಶ್ಚರ್ಯವಾಯಿತು. ಮೇಡಂ ಅಂದರೆ ಸ್ಕೂಲಿನ ಮೇಡಂ ಥರ ಇರುತ್ತಾರೆ ಎಂದುಕೊಂಡಿದ್ದಳು. ಇವರೋ ರಬ್ಬರ್ ಚಪ್ಪಲಿ ಹಾಕಿದ್ದರು, ಬಿಸಿಲಿಗೆ ಮುಖವೆಲ್ಲ ಕಂದಿತ್ತು. ಊರು ಇಲ್ಲೇ ಬೈರಾಪಟ್ಟಣ, ಅಪ್ಪ ರಾಗಿ ಬೆಳೆಯುವವರು. ಕೆಲಸ ಮಾತ್ರ ದೂರದ ಸಮುದ್ರದಲ್ಲಿ. ಪುಟ್ಟ ಪುಟ್ಟ ದ್ವೀಪಗಳಲ್ಲಿ ಹಕ್ಕಿಗಳು ಹೇಗೆ ಬದುಕುತ್ತವೆ ಎಂದು ಅವರು ಸಂಶೋಧನೆ ಮಾಡುತ್ತಿದ್ದರು.

"ನೋಡಮ್ಮ, ನೀನು ಹೇಳ್ದಂಗೇ ಮಾಡಿವ್ನಿ," ಎನ್ನುತ್ತಾ ದಾದಾ ಬಟ್ಟೆ ಸರಿಸಿದರು.

ಕಿಟಕಿಯ ಬಿಸಿಲಿಗೆ ಅರವತ್ತು ಬೆನ್ನುಗಳು ಝಗ್ ಎಂದು ಮಿಂಚಿದವು.

ಮೇಡಂ ಮುಖ ಸಣ್ಣಗಾಯಿತು. ದಾದಾ ಒಂದು ಹಕ್ಕಿಯನ್ನು ಎತ್ತಿ ಮೂಸಿ ನೋಡಿದರು.

"ವಾರ್ನಿಷ್," ಎಂದರು ಮೆಲ್ಲಗೆ. "ನಾನು ಹಾಕಿಲ್ಲ ತಾಯಿ. ಅಲ್ಲಾನ ಆಣೆಗೂ ನಾನು ಹಾಕಿಲ್ಲ."

"ಸಾಬ್ರೆ, ಇವತ್ತು ಸಂಜೆ ಆರಕ್ಕೆ ಗಾಡಿ ಹೊರಡ್ಬೇಕು. ಬುಧವಾರ ಹಡಗು. ಅದು ತಪ್ಪಿದ್ರೆ ಹಕ್ಕಿ ಬರೋ ಕಾಲವೇ ಮುಗ್ದೋಯ್ತದೆ. ಇನ್ನು ಮುಂದಿನ ವರ್ಷವೇ," ಎಂದರು ಭಾನುಪ್ರಿಯ.

ಅದ್ನಾನ್ ಚಾವಣಿಯಲ್ಲಿ ಏನೋ ಬಹಳ ಮುಖ್ಯವಾದದ್ದು ಇದೆ ಎಂಬಂತೆ ಮೇಲೆ ನೋಡುತ್ತಿದ್ದ.

"ನಾನೇ ಹಾಕಿದ್ದು," ಎಂದಳು ಅಸ್ರಾ. ಹೇಳುವಷ್ಟರಲ್ಲಿ ಅಳು ಬಂದೇಬಿಟ್ಟಿತು. "ನಿಮ್ ಕೈ ಹೋಯ್ತು ಅಂತ ಜನ ಅಂದ್ಬುಡ್ತಾರೆ ಅಂತ..."

ದಾದಾ ಬಯ್ಯಲಿಲ್ಲ. ತಮ್ಮ ಕೈಯನ್ನೇ ಒಂದು ಸಲ ನೋಡಿಕೊಂಡರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅಸ್ರಾಳಿಗೆ.

ಭಾನುಪ್ರಿಯ ನಿಟ್ಟುಸಿರು ಬಿಟ್ಟರು. ಆಮೇಲೆ ಯಾಕೋ ಅವರಿಗೆ ನಗು ಬಂತು. "ಗಣೇಶನ್ನ ಮಾಡಕ್ಕೋಗಿ ಅವರಪ್ಪನ್ನ ಮಾಡಿದ್ಯಲ್ಲವ್ವ! ಬಾ ಇಲ್ಲಿ."

ಅವರು ಒಂದು ಹಕ್ಕಿಯನ್ನು ಬೀದಿಯ ಬಿಸಿಲಲ್ಲಿಟ್ಟು, ಅಸ್ರಾಳನ್ನು ಎದುರು ಮನೆಯ ಜಗಲಿ ಹತ್ತಿಸಿದರು.

"ಏನ್ ಕಾಣ್ತೈತೆ?"

"ಏನೂ ಕಾಣಲ್ಲ. ಕಣ್ಣಿಗೆ ಹೊಡೀತೈತೆ."

"ಮೇಲೆ ಹಾರೋ ಹಕ್ಕಿಗೂ ಹಂಗೇ. ಹೆದ್ರಿ ಓಡೋಯ್ತದೆ. ಇದು ಮನುಷ್ರು ನೋಡಕ್ಕೆ ಮಾಡಿಸಿದ್ದಲ್ಲ ಕಣೆ. ಹಕ್ಕಿ ನೋಡಕ್ಕೆ ಮಾಡಿಸಿದ್ದು."

ಅಷ್ಟರಲ್ಲಿ ದಾದಾ ಒಳಗಿಂದ ಕೂಗಿದರು. "ಸ್ಯಾಂಡ್ ಪೇಪರ್ ತಗೊಂಬಾ ಅದ್ನಾನ್! ನೈಸ್ ಇರೋದು. ಮಿಂಚು ಹೋಗ್ಬೇಕು, ಬಣ್ಣ ಹೋಗ್ಬಾರ್ದು. ಒತ್ತಿ ಉಜ್ಜಿದವರ ಕಿವಿ ಹಿಂಡ್ತೀನಿ."

ನಾಲ್ಕೂ ಜನ ನೆಲದ ಮೇಲೆ ಕೂತರು. ಮೇಡಂ ಕೂಡ. ಅಸ್ರಾಳ ಮೊದಲ ಹಕ್ಕಿ ಗೀರುಗೀರಾಯಿತು. ದಾದಾ ಅವಳ ಕೈಯ ಮೇಲೆ ತಮ್ಮ ಕೈಯಿಟ್ಟು, ಹೀಗೆ, ಹೀಗೆ ಎಂದು ತೋರಿಸಿದರು. ಆಗ ಅವಳು ಒಂದು ವಿಷಯ ಗಮನಿಸಿದಳು. ಸುಮ್ಮನಿದ್ದಾಗ ನಡುಗುವ ಆ ಕೈ, ಮರ ಮುಟ್ಟಿದ ಕೂಡಲೇ ಕಲ್ಲಿನ ಹಾಗೆ ನಿಂತುಬಿಡುತ್ತಿತ್ತು. ಅದ್ನಾನ್ ಕೂಡ ಅದನ್ನು ನೋಡಿದ. ನೋಡಿ ತಲೆ ತಗ್ಗಿಸಿಕೊಂಡು ಸರಸರ ಉಜ್ಜತೊಡಗಿದ.

"ಅಕ್ಕಾ, ಹಕ್ಕಿಗೆ ಹಕ್ಕಿ ಗೊಂಬೆ ಯಾಕೆ?" ಎಂದು ಅಸ್ರಾ ಕೇಳಿದಳು. ಮೇಡಂ ಯಾವಾಗ ಅಕ್ಕ ಆದರೋ ಅವಳಿಗೇ ಗೊತ್ತಾಗಲಿಲ್ಲ.

ಭಾನುಪ್ರಿಯ ಉಜ್ಜುತ್ತಲೇ ಹೇಳಿದರು. ಸಮುದ್ರದ ನಡುವೆ ಒಂದು ಮರಳಿನ ದ್ವೀಪ. ನಿಮ್ಮ ಸ್ಕೂಲ್ ಮೈದಾನ ಎರಡು ಸೇರಿಸಿದರೆ ಎಷ್ಟೋ ಅಷ್ಟೇ. ಅಲ್ಲಿ ರೀವ ಎಂಬ ಕಡಲ ಹಕ್ಕಿಗಳು ಸಾವಿರಗಟ್ಟಲೆ ಮೊಟ್ಟೆ ಇಡುತ್ತಿದ್ದವು. ಯಾವುದೋ ದೋಣಿಯಿಂದ ಇಲಿಗಳು ಇಳಿದವು. ಮೊಟ್ಟೆ ತಿಂದವು, ಮರಿ ತಿಂದವು. ಹಕ್ಕಿಗಳು ಬರುವುದನ್ನೇ ಬಿಟ್ಟವು. ಈಗ ಮೂರು ವರ್ಷ ಕಷ್ಟಪಟ್ಟು ಇಲಿಗಳನ್ನು ತೆಗೆದಾಗಿದೆ.

"ಮತ್ತೆ ಬರ್ಬೋದಲ್ಲ?"

"ಖಾಲಿ ಜಾಗಕ್ಕೆ ಮೊದಲು ಇಳಿಯೋಕೆ ಯಾರಿಗೂ ಧೈರ್ಯ ಇಲ್ಲ. ನೀನು ಹೊಸ ಸ್ಕೂಲಿಗೆ ಹೋದ್ರೆ ಒಬ್ಬಳೇ ಬೆಂಚಲ್ಲಿ ಕೂತ್ಕೋತೀಯಾ? ಯಾರಾದ್ರೂ ಕೂತಿರೋ ಕಡೆ ಹೋಗ್ತೀಯ. ಇವೂ ಹಂಗೇ. ಮರಳ ಮೇಲೆ ಇವನ್ನ ಕೂರಿಸಿ, ಸ್ಪೀಕರಲ್ಲಿ ಹಕ್ಕಿ ಗಲಾಟೆ ಹಾಕ್ತೀವಿ. ಮೇಲೆ ಹೋಗೋವು ನೋಡಿ, ಓ, ನಮ್ಮೋರವ್ರೆ ಅಂತ ಇಳೀಬೇಕು."

"ಇಳೀದಿದ್ರೆ ಬೇರೆ ಎಲ್ಲಾದ್ರೂ ಕೂತ್ಕೋತವೆ ಬುಡಿ," ಎಂದ ಅದ್ನಾನ್.

"ಎಲ್ಲಿ ಕೂತ್ಕೋತವೆ? ಸುತ್ತ ನೀರು. ಆ ಹಕ್ಕಿ ನೀರ ಮೇಲೆ ಕೂತ್ರೆ ರೆಕ್ಕೆ ನೆಂದು ಭಾರ ಆಗ್ತದೆ. ಮರಿ ಒಂದು ಸಲ ಗೂಡು ಬಿಟ್ಟು ಹಾರಿದ್ರೆ, ಮತ್ತೆ ನೆಲ ಮುಟ್ಟೋದು ಮೂರು ನಾಲ್ಕು ವರ್ಷ ಆದ್ಮೇಲೆ."

ಅಸ್ರಾಳ ಕೈ ನಿಂತಿತು. "ನಿದ್ದೆ?"

"ಹಾರ್ತಾ ಹಾರ್ತಾನೇ ಒಸಿ ಒಸಿ ಮಾಡ್ತವೆ ಅಂತಾರೆ."

ದಾದಾ "ಸುಭಾನಲ್ಲಾ" ಎಂದು ಕಣ್ಣು ಮುಚ್ಚಿದರು.

ಅಸ್ರಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಈಗ ಅವಳು ಐದನೇ ಕ್ಲಾಸು. ಅವಳು ಎರಡನೇ ಕ್ಲಾಸಿನಲ್ಲಿ ಮಗ್ಗಿ ಬಾಯಿಪಾಠ ಮಾಡುತ್ತಿದ್ದಾಗ ಹಾರಿದ ಒಂದು ಮರಿ, ಅವಳು ಊಟ ಮಾಡಿದಾಗ, ಆಡಿದಾಗ, ಜ್ವರ ಬಂದು ಮಲಗಿದಾಗ, ಎಲ್ಲ ಹೊತ್ತಿನಲ್ಲೂ ಹಾರುತ್ತಲೇ ಇದೆ. ಈ ಕ್ಷಣದಲ್ಲೂ. ಇನ್ನೂ ಅದರ ಕಾಲು ನೆಲ ಮುಟ್ಟಿಲ್ಲ. ಹಾಗೆ ಬಂದು ಇಳಿಯಲು ನೋಡಿದಾಗ ಅದರ ಕಣ್ಣಿಗೆ ತನ್ನ ವಾರ್ನಿಷ್ ಹೊಡೆದಿದ್ದರೆ!

ಅವಳು ಮತ್ತೆ ಉಜ್ಜತೊಡಗಿದಳು. ಈ ಸಲ ಮೆಲ್ಲಗೆ, ಒಂದೊಂದು ಗರಿಯನ್ನೂ ಸವರುವ ಹಾಗೆ.

ಮೂಲೆಯಲ್ಲಿದ್ದ ತಾಳೆಗರಿಯ ಕಟ್ಟನ್ನು ನೋಡಿ ಭಾನುಪ್ರಿಯ ಹೇಳಿದರು, "ಈ ಜಾತಿ ಗಿಡವೇ ಕಣೆ ದ್ವೀಪಗಳ ಅಂಚಿಗೆಲ್ಲ ಬೆಳ್ದಿರೋದು. ಬಿಸಿಲಿಗೆ ಮರಿಗಳು ಅದರ ಬುಡದಲ್ಲೇ ಕೂರೋದು." ಅಸ್ರಾ ಒಂದು ಗರಿಯನ್ನು ಎತ್ತಿ ನೋಡಿದಳು. ಹುಟ್ಟಿದಾಗಿನಿಂದ ನೋಡಿದ ಗರಿ. ಸಮುದ್ರವನ್ನು ಮಾತ್ರ ಅವಳು ಒಮ್ಮೆಯೂ ನೋಡಿರಲಿಲ್ಲ.

ಮಧ್ಯಾಹ್ನ ಅಮ್ಮಿ ತಂದಿಟ್ಟ ಊಟ ಆರಿಹೋಯಿತು. ಬೆರಳ ತುದಿಗಳು ಕೆಂಪಾದವು. ಐದೂ ಮುಕ್ಕಾಲಿಗೆ ಅರವತ್ತನೆಯ ಹಕ್ಕಿ ಮಂಕಾಯಿತು. ದಾದಾ ಒಂದೊಂದನ್ನೂ ಬೆಳಕಿಗೆ ಹಿಡಿದು, ಮಿಂಚು ಇಲ್ಲ ಎಂದು ಖಾತ್ರಿ ಮಾಡಿಕೊಂಡೇ ಹುಲ್ಲಿನ ಪೆಟ್ಟಿಗೆಯಲ್ಲಿಟ್ಟರು.

"ಬಂದೇ ಬತ್ತವಾ ಅಕ್ಕಾ?" ಎಂದು ಗಾಡಿಯ ಪಕ್ಕ ನಿಂತು ಕೇಳಿದಳು ಅಸ್ರಾ.

"ಹೇಳಕ್ಕಾಗಲ್ಲ ಕಣವ್ವ. ಈ ವರ್ಷ ಬರ್ದೇನೂ ಇರ್ಬೋದು."

ಸುಳ್ಳು ಸಮಾಧಾನ ಹೇಳದ ದೊಡ್ಡವರನ್ನು ಅಸ್ರಾ ಅವತ್ತೇ ಮೊದಲು ನೋಡಿದ್ದು.

ಒಂದು ವಾರ ಆಯಿತು, ಒಂದು ತಿಂಗಳಾಯಿತು. ಸುದ್ದಿ ಇಲ್ಲ. ಪರೀಕ್ಷೆ ಬಂತು, ಮುಗಿಯಿತು. ಕಾಗೆಯೊಂದು ಹಾರಿದರೂ ಅಸ್ರಾ ಅದು ಎಲ್ಲಿ ಇಳಿಯುತ್ತದೆ ಎಂದು ನೋಡುತ್ತ ನಿಲ್ಲುತ್ತಿದ್ದಳು.

ರಜೆಯ ಒಂದು ಮಧ್ಯಾಹ್ನ ಅಮ್ಮಿಯ ಫೋನ್ ಟಿಂಗ್ ಎಂದಿತು. ಭಾನುಪ್ರಿಯ ಅಕ್ಕ ಕಳಿಸಿದ ವಿಡಿಯೋ! ಅಸ್ರಾ ಓಡಿ ಬಂದಳು. ದಾದಾ ಲೇತ್ ನಿಲ್ಲಿಸಿ ಕನ್ನಡಕ ಸರಿಮಾಡಿಕೊಂಡರು.

ಬಿಳಿ ಮರಳು. ಅದರಾಚೆ ಕೊನೆಯೇ ಇಲ್ಲದ ನೀಲಿ. ಗಾಳಿಯ ಭೋರ್ ಸದ್ದು. ಮರಳ ಮೇಲೆ ಕಪ್ಪು ಬೆನ್ನಿನ ಹಕ್ಕಿಗಳು ಸಾಲು ಸಾಲಾಗಿ ಗಾಳಿಗೆ ಮುಖ ಕೊಟ್ಟು ಕೂತಿದ್ದವು. ಒಂದೂ ಅಲುಗುತ್ತಿರಲಿಲ್ಲ. ಎಲ್ಲ ನಮ್ಮವೇ, ಯಾವುದೂ ಬಂದಿಲ್ಲ ಎಂದುಕೊಂಡಳು ಅಸ್ರಾ.

ಆಗ ಮೂರನೇ ಸಾಲಿನ ಒಂದು ಹಕ್ಕಿ ಕಾಲೆತ್ತಿ ಕತ್ತು ಕೆರೆದುಕೊಂಡಿತು.

"ದಾದಾ!" ಎಂದು ಅಸ್ರಾ ಕಿರುಚಿದಳು.

ಇನ್ನೊಂದು ರೆಕ್ಕೆ ಬಿಚ್ಚಿ ಮಡಚಿತು. ದಾದಾ ಮುಖವನ್ನು ಫೋನಿಗೆ ತಾಗಿಸುವಷ್ಟು ಹತ್ತಿರ ತಂದರು. "ನಂಗೆ ಸರಿಯಾಗಿ ಕಾಣಲ್ಲ ಬೇಟಾ. ಇದ್ರಲ್ಲಿ ನಮ್ಮವು ಯಾವ್ಯಾವು, ತೋರ್ಸು."

"ಇದು ನಮ್ದು," ಎಂದು ಅಸ್ರಾ ಬೆರಳಿಟ್ಟಳು. ಬೆರಳ ಕೆಳಗಿನ ಹಕ್ಕಿ ಎದ್ದು ನಡೆದುಹೋಯಿತು. "ಅಲ್ಲ, ಇದು..." ಅದೂ ತಲೆ ತಿರುಗಿಸಿತು. ಅವಳು ಉಸಿರು ಬಿಗಿಹಿಡಿದು ನೋಡಿದಳು. ತಾನೇ ಉಜ್ಜಿದ ಹಕ್ಕಿಗಳು. ಮೂರು ವರ್ಷ ನೆಲ ಮುಟ್ಟದೆ ಹಾರಿದ ಹಕ್ಕಿಗಳು. ಎಲ್ಲ ಒಂದೇ ಬಿಸಿಲಲ್ಲಿ ಕೂತಿದ್ದವು.

"ಗೊತ್ತಾಗ್ತಿಲ್ಲ ದಾದಾ," ಎಂದಳು. "ನೀವು ಮಾಡಿದ್ದು ಯಾವುದು ಅಂತ ಗೊತ್ತೇ ಆಗ್ತಿಲ್ಲ."

ದಾದಾರ ಮುಖ ಅರಳಿದ್ದನ್ನು ಅಸ್ರಾ ಎಷ್ಟೋ ಸಲ ನೋಡಿದ್ದಳು. ಇಷ್ಟು ಅರಳಿದ್ದನ್ನು ನೋಡಿರಲಿಲ್ಲ.

"ಏನಂದೆ? ಇನ್ನೊಂದ್ಸಲ ಹೇಳು."

ದಾದಾರ ಕಿವಿ ಚೆನ್ನಾಗಿಯೇ ಕೇಳುತ್ತದೆ. ಅದು ಅಸ್ರಾಳಿಗೆ ಗೊತ್ತಿತ್ತು. ಆದರೂ ಅವಳು ಹತ್ತಿರ ಸರಿದು, ಇನ್ನೂ ಜೋರಾಗಿ, ಇನ್ನೊಂದು ಸಲ ಹೇಳಿದಳು.