ಲಕಮನಹಳ್ಳಿಯಲ್ಲಿ ಮುರಿದ ಕಂಬ

ಲಕಮನಹಳ್ಳಿ ದಾಟುವಲ್ಲಿ ರಸ್ತೆಗೊಂದು ತಗ್ಗು. ಮೇಲೆ ಜೋಳದ ಚೀಲ ಹೇರಿಕೊಂಡು ಧಾರವಾಡಕ್ಕೆ ಹೊರಟ ಮೋಟಾರು ಆ ತಗ್ಗಿಗೆ ಇಳಿಯಿತು, ಏರಿತು — ಛತ್ತು ಕುಸಿದು ಕೆಳಗೆ ಬಂತು.

ಜನ ಓಡಿಬಂದು ತಗಡು ಸರಿಸಿದಾಗ ಜೋಳದ ಚೀಲಗಳ ಅಡಿಯಲ್ಲಿ ಇಬ್ಬರು ಸತ್ತಿದ್ದರು. ಒಬ್ಬಳು ಧಾರವಾಡದ ಸಂತೆಗೆ ಬದನೆಕಾಯಿ ಒಯ್ಯುತ್ತಿದ್ದ ಅಂಬಾಬಾಯಿ. ಇನ್ನೊಬ್ಬ ಯಾರೆಂದು ಸಂಜೆಯವರೆಗೂ ತಿಳಿಯಲಿಲ್ಲ. ಬಡವನ ಹೆಣಕ್ಕೆ ಹೆಸರು ಸಿಗುವುದು ತಡ. ಅಪರಾಧಿ ಮಾತ್ರ ಒಂದು ತಾಸಿನೊಳಗೆ ಸಿಕ್ಕಿಬಿಟ್ಟ.

ಛತ್ತು ಹೊತ್ತ ನಾಲ್ಕು ಕಂಬಗಳಲ್ಲಿ ಹಿಂದಿನ ಎಡಗಂಬ ನಡುವೆ ಮುರಿದಿತ್ತು. ಫೌಜದಾರ ಅದನ್ನು ಬೂಟಿನಿಂದ ಹೊರಳಿಸಿದ. ಹಸಿರು ಬಣ್ಣದೊಳಗೆ ಇದ್ದದ್ದು ಸಾಗವಾನಿಯಲ್ಲ, ಮಾವು.

"ಈ ಗಾಡಿಗೆ ಬಾಡಿ ಕಟ್ಟಿದವ ಯಾರು?"

"ಹಳೇ ಹುಬ್ಬಳ್ಳಿ ಮಕಬೂಲಸಾಬ್ರಿ," ಎಂದ ಡ್ರೈವರ್ ಶಿದ್ದಪ್ಪ, ಹಣೆಯ ನೆತ್ತರು ಒರೆಸಿಕೊಳ್ಳುತ್ತ.

ಅಲ್ಲಿಗೆ ತನಿಖೆ ಮುಗಿಯಿತು! ಸಾಗವಾನಿ ಎಂದು ಹೇಳಿ ಮಾವು ನಿಲ್ಲಿಸಿದ ಮೋಸಗಾರ ಬಡಿಗ ಮಕಬೂಲಸಾಬ ಲಾಕಪ್ಪಿಗೆ ಹೋದ. ಅವನ ಬಾಚಿ, ಉಳಿ, ಗರಗಸಗಳು ಗೋಣಿಚೀಲದಲ್ಲಿ ಸಾಕ್ಷಿಗಳಾಗಿ ಹೋದವು. ಸಾವಿರದ ಒಂಬೈನೂರ ನಲವತ್ಮೂರನೆಯ ಇಸವಿ. ಯುದ್ಧದ ಹೆಸರಿನಲ್ಲಿ ಏನು ಮಾಡಿದರೂ ನಡೆಯುತ್ತಿದ್ದ ಕಾಲ.

ಮರುದಿನ ಅವನ ಹೆಂಡತಿ ಖಾತುನಬಿ ಕಚೇರಿಯ ಮುಂದಿನ ಹುಣಸೆಮರದಡಿ ಬಂದು ನಿಂತಳು. ಅಲ್ಲಿ ಕುಳಿತು ಅರ್ಜಿ ಬರೆಯುತ್ತಿದ್ದವನು ಏಕನಾಥ. ಮೊದಲು ಕಾರಖಾನೆಯೊಂದರಲ್ಲಿ ಫಿಟ್ಟರ್. ಮುಷ್ಕರದಲ್ಲಿ ಕೆಲಸ ಹೋಯಿತು, ಕಬ್ಬಿಣದ ಬದಲು ಕಾಗದ ಕೈಗೆ ಬಂತು. ಹುಬ್ಬಳ್ಳಿಯಲ್ಲಿ ಅನ್ಯಾಯಕ್ಕೊಳಗಾದವರು ಪೊಲೀಸರಿಗಿಂತ ಮೊದಲು ಇವನ ಬಳಿ ಬರುತ್ತಿದ್ದರು.

"ಸೋಮವಾರ ಕೋರ್ಟಿಗೆ ಒಯ್ತಾರಂತ್ರಿ," ಎಂದಳು ಖಾತುನಬಿ. "ಅರ್ಜಿ ಬರದು ಕೊಡ್ರಿ. ನಮ್ಮ ಮನಿಯವ್ರು ಅಂಥವ್ರಲ್ಲಂತ ಬರೀರಿ."

"ಅಂಥವ್ರಲ್ಲ ಅಂತ ಎಲ್ಲಾರೂ ಬರಸ್ತಾರವ್ವಾ. ಅದನ್ನ ಯಾರೂ ಓದೂದಿಲ್ಲ. ಕಂಬ ಎಲ್ಲೈತಿ?"

"ಠಾಣೇದ ಹಿತ್ತಲದಾಗ. ಬಾಕಿ ಮೂರೂ ಅಲ್ಲೇ ಅದಾವ, ಮುರದ ಗಾಡೀ ಜೋಡಿ."

ಠಾಣೆಯ ಹಿತ್ತಲಲ್ಲಿ ಮೋಟಾರಿನ ಅಸ್ಥಿಪಂಜರ ನಿಂತಿತ್ತು. ಮೂರು ಕಂಬ ನಿಂತೇ ಇದ್ದವು. ನಾಲ್ಕನೆಯದು ಎರಡು ತುಂಡಾಗಿ ನೆಲದ ಮೇಲೆ. ಏಕನಾಥ ಬಗ್ಗಿ ನೋಡಿದ. ಮೇಲಿನ ತುಂಡಿನಲ್ಲಿ ಛತ್ತಿನ ಬೋಲ್ಟಿನ ತುಕ್ಕು. ಕೆಳಗಿನ ತುಂಡಿನಲ್ಲಿ, ಆಸನದ ಮರ ಬಂದು ಸೇರುವಲ್ಲಿ, ಕಚ್ಚು — ಕೂದಲೂ ಹೋಗದಂತೆ ಕೂಡಿಸಿದ ಕಚ್ಚು. ಸೀಳಿದ ಜಾಗದಲ್ಲಿ ಒಂದು ಗಂಟು. ಹಿಂದೊಮ್ಮೆ ಟೊಂಗೆ ಹೊರಟಿದ್ದ ಗುರುತು, ಓರೆಯಾಗಿ ಕಂಬದ ಕೆಳತುದಿಯ ಕಡೆಗೆ ಬಾಗಿತ್ತು.

"ಏನ್ರಿ ಏಕನಾಥರಾವ್, ಕಟಗಿ ಮಾತಾಡ್ತೈತೇನು?" ಫೌಜದಾರ ನಕ್ಕ.

"ಮಾತಾಡ್ತೈತ್ರಿ. ನಂಗ ಆ ಭಾಷಾ ಬರಂಗಿಲ್ಲ."

ಹೊರಗೆ ಸಿಕ್ಕ ಶಿದ್ದಪ್ಪನನ್ನು ಅವನು ಬಿಡಲಿಲ್ಲ.

"ಎರಡು ವರ್ಷ ಗಾಡಿ ನಡಸೀಯಪ್ಪಾ. ಎಂದರ ರಿಪೇರಿಗೆ ನಿಂತಿತ್ತೇನು?"

"ನಿಂತಿತ್ರಿ. ಚೈತ್ರದಾಗ ನಾಕು ದಿನ, ಮಾಲಕರ ಶೆಡ್ಡಿನ್ಯಾಗ. ಬಣ್ಣ ಹಚ್ಚಾಕ ಅಂದ್ರು."

"ಬಣ್ಣಕ್ಕ ನಾಕು ದಿನ? ಯಾರು ಹಚ್ಚಿದ್ರು?"

ಶಿದ್ದಪ್ಪ ಆಚೀಚೆ ನೋಡಿದ. "ಬಾಬುಸಾಬ."

ಬಾಬುಸಾಬ — ಮಕಬೂಲಸಾಬನ ಸ್ವಂತ ತಮ್ಮ! ಅಣ್ಣನ ಕೈಕೆಳಗೆ ಹದಿನೈದು ವರ್ಷ ಕಲಿತು, ಕಳೆದ ವರ್ಷ ಜಗಳಾಡಿ ಮೋಟಾರು ಮಾಲೀಕ ರಮಾಕಾಂತನ ಶೆಡ್ಡಿಗೆ ಸೇರಿದವನು.

ಸಂಜೆ ಏಕನಾಥ ಹಳೇ ಹುಬ್ಬಳ್ಳಿಯ ಓಣಿಗೆ ಹೋದ. ಹತಾರಗಳಿಲ್ಲದ ಅಂಗಡಿ ಹಲ್ಲಿಲ್ಲದ ಬಾಯಿಯಂತಿತ್ತು. ಕೂರಲು ಜಾಗ ಮಾಡಿಕೊಳ್ಳಲು, ಕಂಬಕ್ಕೆಂದು ಕೊಯ್ದಿಟ್ಟ ಒಂದು ನಿಲುವನ್ನೆತ್ತಿ ಗೋಡೆಗೆ ಒರಗಿಸಿದ. ಖಾತುನಬಿ ಚಟ್ಟನೆ ಎದ್ದು ಬಂದು ಅದನ್ನು ತಿರುಗಿಸಿ ನಿಲ್ಲಿಸಿದಳು.

"ಯಾಕ್ರಿ?"

"ತಲಿಕೆಳಗ ಇಟ್ಟಿದ್ರಿ. ಬುಡ ನೆಲಕ್ಕ ಇರಬೇಕ್ರಿ, ತುದಿ ಮ್ಯಾಲ. ಗಿಡ ಹ್ಯಾಂಗ ನಿಂತಿತ್ತೋ ಕಂಬಾನೂ ಹಂಗ ನಿಲ್ಲಬೇಕಂತಾರ ಮನಿಯವ್ರು. ಉಲ್ಟಾ ನಿಲ್ಲಿಸಿದ ಮನ್ಯಾಗ ಯಾರೂ ಬಾಳೂದಿಲ್ಲಂತ."

"ಕೊಯ್ದ ಮ್ಯಾಲ ಬುಡ ಯಾವುದು ತುದಿ ಯಾವುದು, ಹ್ಯಾಂಗ ತಿಳೀತೈತಿ?"

"ಬುಡಕ್ಕ ಕಾವಿ ಹಚ್ಚಿರ್ತಾರ, ನೋಡ್ರಿ." ನಿಲುವಿನ ಕೆಳತುದಿಯಲ್ಲಿ ಕೆಂಪು ಬರೆ. "ಅದೂ ಇಲ್ಲಂದ್ರ ಗಂಟು ನೋಡ್ತಾರ. ಟೊಂಗಿ ಯಾವಾಗ್ಲೂ ಮುಗಿಲ ಕಡೆ ಹೋಗ್ತೈತಲ್ರಿ?"

ಏಕನಾಥ ಎದ್ದು ನಿಂತ. ಕುದಿಯುವ ಚಹಾ ಒಲೆಯ ಮೇಲೆಯೇ ಉಳಿಯಿತು.

ಮರುದಿನ ಕೇಶ್ವಾಪುರ. ರಮಾಕಾಂತ ವೈಶಾಖದಲ್ಲಿ ಗೃಹಪ್ರವೇಶ ಮಾಡಿದ ಹೊಸ ಮನೆ. ಮಾಲೀಕ ಪಡಸಾಲೆಯ ತೂಗುಮಂಚದಲ್ಲಿ ಕುಳಿತಿದ್ದ.

"ಚಂದ ಕಟ್ಟಿಸೀರಿ ಮಾಲಕರ. ಸಾಗವಾನಿ ಬಾಗಿಲಾ! ಮಾಲೆಲ್ಲಾ ಮಿಲಿಟ್ರಿಗೆ ಹೋಗಾಕತ್ತೈತಿ. ನಿಮಗೆಲ್ಲಿ ಸಿಕ್ತು?"

"ಹುಡಕಿದ್ರ ಸಿಗತೈತಿ. ನಿಮಗ್ಯಾಕ ಅದರ ಉಸಾಬರಿ?"

ಏಕನಾಥ ಬಾಗಿಲ ಹತ್ತಿರ ಹೋಗಿ ನಿಂತ. ಅವನ ಕಣ್ಣು ಚೌಕಟ್ಟಿನ ಮೇಲಿತ್ತು. ಎರಡು ಬಾಗಿಲು, ನಾಲ್ಕು ನಿಲುವು. ನಾಲ್ಕರಲ್ಲೂ ಮೊಣಕಾಲೆತ್ತರಕ್ಕೆ ಒಂದೊಂದು ಚೌಕದ ತೇಪೆ.

"ಬಾಗಿಲಕ್ಕ ಇಷ್ಟ ಎತ್ತರದಾಗ ಕಚ್ಚು ಯಾಕ ಬೇಕ್ರಿ?"

ತೂಗುಮಂಚ ನಿಂತಿತು. "ಹೊರಗ ನಡೀರಿ."

ಭಾನುವಾರ ಮಧ್ಯಾಹ್ನ ಠಾಣೆಯ ಹಿತ್ತಲಲ್ಲಿ ಎಲ್ಲರೂ ಸೇರಿದರು. ಗಾಡಿಯ ಮಾಲೀಕನೆಂದು ರಮಾಕಾಂತ ಬಂದಿದ್ದ. ಅವನ ಬೆನ್ನ ಹಿಂದೆ ಬಾಬುಸಾಬ. ಖಾತುನಬಿ ಗೋಡೆಯ ಬಳಿ. ಏಕನಾಥ ಪಟ್ಟು ಹಿಡಿದದ್ದಕ್ಕೆ ಮಕಬೂಲಸಾಬನನ್ನೂ ಬೇಡಿಯೊಡನೆ ಹೊರಗೆ ತಂದರು. ಆರು ದಿನಗಳ ಮೇಲೆ ಬಿಸಿಲು ಕಂಡು ಅವನು ಕಣ್ಣು ಮುಚ್ಚಿಕೊಂಡ.

"ಲಗೂ ಮುಗಸ್ರಿ," ಎಂದ ಫೌಜದಾರ.

"ಸಾಹೇಬ್ರ, ನೀವು ಕಟಗಿ ಯಾವುದಂತ ನೋಡಿದ್ರಿ. ಹ್ಯಾಂಗ ನಿಂತೈತಂತ ನೋಡಲಿಲ್ಲ. ಈ ಗಂಟು ನೋಡ್ರಿ. ಟೊಂಗಿ ನೆಲಕ್ಕ ಮುಖ ಮಾಡೇತಿ. ಕಂಬ ತಲಿಕೆಳಗ ನಿಂತಿತ್ತು. ಮಕಬೂಲಸಾಬ ಜನ್ಮದಾಗ ಹಂಗ ನಿಲ್ಲಿಸಿದವ ಅಲ್ಲ. ಅಂದ್ರ ಇದು ಅವ ನಿಲ್ಲಿಸಿದ ಕಂಬ ಅಲ್ಲ!"

"ಮತ್ತ ಯಾರು? ಕೆಲಸಾ ಬರದವ ಯಾವನರ?"

"ನಾನೂ ಮೊದಲ ಹಂಗ ಅಂದ್ಕೊಂಡೆ. ಆದ್ರ ಈ ಕಚ್ಚು ನೋಡ್ರಿ. ಇಂಥಾ ಕಚ್ಚು ಹುಬ್ಬಳ್ಳ್ಯಾಗ ಇಬ್ಬರಿಗೆ ಬರ್ತೈತಿ. ಒಬ್ಬ ಮಕಬೂಲಸಾಬ. ಇನ್ನೊಬ್ಬ ಅವ ಕಲಿಸಿದವ."

ಬಾಬುಸಾಬನ ತಲೆ ಬಾಗಿತು.

"ಒಂದು ಕಂಬ ಉಲ್ಟಾ ಆದ್ರ ತಪ್ಪು ಅನ್ನಬಹುದು. ನಿಂತ ಮೂರರ ಒಳಮಗ್ಗಲದ ಗಂಟೂ ನೋಡ್ರಿ, ಇಲ್ಲಿ ನಾಕೂ ಉಲ್ಟಾ ಅದಾವ! ಗೊತ್ತಿದ್ದವ ನಾಕೂ ಉಲ್ಟಾ ಯಾಕ ನಿಲ್ಲಿಸಿದ? ಬಾಬುಸಾಬ, ಹೇಳು."

ಬಾಬುಸಾಬ ಮಾಲೀಕನ ಬೆನ್ನ ಹಿಂದಿನಿಂದ ಈಚೆ ಬಂದ.

"ಮಾಲಕ್ರು ಸಾಗವಾನಿ ಬಿಚ್ಚು ಅಂದ್ರು," ಎಂದ ಬಾಬುಸಾಬ. "ಗೃಹಪ್ರವೇಶದ ತಿಥಿ ಹತ್ರ ಬಂದಿತ್ತು, ಬಾಗಿಲಕ್ಕ ಕಟಗಿ ಸಿಗವಲ್ದಾಗಿತ್ತು. ಮಾವು ಹಾಕು, ಮ್ಯಾಲ ಬಣ್ಣ ಬಳಿ ಅಂದ್ರು. ಇಲ್ಲಂದ್ರ ಮನಿಗೆ ಹೋಗು ಅಂದ್ರು. ಎಲ್ಲಿಗೆ ಹೋಗ್ಲಿ? ಅಣ್ಣನ ಮುಂದ ಬಾಯಿ ತಗ್ಯಾಕ ನಂಗ ಮಾರಿ ಇರಲಿಲ್ಲ. ಉಲ್ಟಾ ನಿಲ್ಲಿಸಿದೆ. ಗಂಟು ಇದ್ದ ಮಗ್ಗಲಾ ಒಳಗ ಮಾಡಿದೆ, ಬಣ್ಣ ತೆಳ್ಳಗ ಬಳದೆ. ದಸರಾಕ್ಕ ಗಾಡೀ ಕಚ್ಚು ಬಿಗಿ ಮಾಡಾಕ ಅಣ್ಣ ಪ್ರತಿ ವರ್ಷ ಬರ್ತಿದ್ದ. ಒಮ್ಮೆ ನೋಡಿದ್ರ ಸಾಕು, ಅವಂಗ ತಿಳೀತಿತ್ತು. ಒದರ್ತಿದ್ದ. ಗಾಡಿ ನಿಲ್ಲತಿತ್ತು."

"ದಸರಾಕ್ಕ ಹೋಗಿದ್ದೆ," ಎಂದ ಮಕಬೂಲಸಾಬ. ಅವನ ಮೊದಲ ಮಾತು ಅದು. "ಈ ಸಲ ಬ್ಯಾಡ ಅಂತ ಗೇಟಿನ್ಯಾಗ ತಿರುಗಿ ಕಳಿಸಿದ್ರು."

ಏಕನಾಥ ತಿರುಗಿ ಬೆರಳು ಚಾಚಿದ.

"ಕೊಂದವ ಇವ. ರಮಾಕಾಂತ. ಗಾಡೀ ಆಸನ ಕೂಡಿಸಿದ್ದ ಕಚ್ಚು ಇವನ ಬಾಗಿಲದಾಗ ಅದಾವ, ತೇಪಿ ಹಚ್ಚಿ. ಹೊಸ್ತಿಲದ ಹತ್ರ ಕೆರದು ನೋಡ್ರಿ, ಮಕಬೂಲಸಾಬನ ಕಾವಿ ಸಿಗತೈತಿ. ಮಾವಿನ ಕಂಬದ ಮ್ಯಾಲ ಸಾಗವಾನಿ ಹೊರೋವಷ್ಟು ಚೀಲ ಹೇರಿ ಇಬ್ಬರನ್ನ ಕೊಂದಾನ. ಸಾಹೇಬ್ರ, ಆ ಬಾಗಿಲಾ ನಿಮಗೂ ಗೊತ್ತೈತಿ. ವೈಶಾಖದಾಗ ಅದರಾಗ ಹಾದು ಹೋಗಿ ಹೋಳಿಗಿ ಉಂಡು ಬಂದೀರಿ."

ಫೌಜದಾರನ ಕಿವಿ ಕೆಂಪಾದವು. ರಮಾಕಾಂತ ಮಾತ್ರ ಶಲ್ಯ ಸರಿಮಾಡಿಕೊಂಡ.

"ಆ ಕಟಗಿ ನನಗ ಬಾಬುಸಾಬ ಮಾರಿದ. ಎಲ್ಲಿಂದ ತಂದಾನ ನಾ ಕೇಳಲಿಲ್ಲ. ನನ್ನ ಗಾಡೀ ಕಟಗಿ ಕದ್ದು ನನಗ ಮಾರ್ಯಾನಂತ ಈಗ ಗೊತ್ತಾತು. ಎಂಥಾ ಕಾಲ ಬಂತ್ರಿ!"

"ಬಿಚ್ಚು ಅಂತ ಮಾಲಕ್ರು ಚೀಟಿ ಬರದು ಕೊಟ್ಟಾರೇನು?" ಫೌಜದಾರ ಬಾಬುಸಾಬನನ್ನು ಕೇಳಿದ. "ಇಲ್ಲ? ಬಿಚ್ಚಿದವ ನೀನ ಅಂತ ಒಪ್ಪಿಕೊಂಡಿ. ಅಣ್ಣ ಕಟ್ಟಿದ, ತಮ್ಮ ಕದ್ದ. ಇಬ್ಬರೂ ಕೂಡೇ ಮಾಡೀರಿ. ಬರಕೋರೀ ಜಮಾದಾರ."

"ಗಂಟು ಸಾಕ್ಷಿ ಹೇಳಾಕತ್ತೈತಲ್ರಿ!" ಏಕನಾಥ ಕೂಗಿದ.

"ಕಟಗಿ ಹ್ಯಾಂಗ ನಿಂತ್ರ ಏನ್ರಿ? ಯಾವ ಕಾಯ್ದೇದಾಗ ಬರದೈತಿ?"

ಯಾವ ಕಾಯಿದೆಯಲ್ಲೂ ಬರೆದಿರಲಿಲ್ಲ. ಕಾಯಿದೆ ಬರೆದವರು ಒಂದು ಕಂಬವನ್ನೂ ನಿಲ್ಲಿಸಿದವರಲ್ಲ.

ಮಕಬೂಲಸಾಬ ಬೇಡಿ ಹಾಕಿದ ಕೈಗಳೆರಡನ್ನೂ ಚಾಚಿ ಮುರಿದ ತುಂಡನ್ನು ಮುಟ್ಟಿದ. ಹೆಬ್ಬೆರಳು ಕಚ್ಚಿನ ಅಂಚಿನುದ್ದಕ್ಕೂ ಸರಿಯಿತು, ಗಂಟಿನ ಮೇಲೆ ನಿಂತಿತು.

"ಬಾಬೂ," ಎಂದ. "ಕಚ್ಚು ಛಲೋ ಕೂಡಿಸೀಯೋ. ನನಗ ಹೇಳಾಕಂತ ಮಾಡಿದೀ ಇದನ್ನ?"

ಬಾಬುಸಾಬ ಅಣ್ಣನ ಕಾಲ ಮೇಲೆ ಬಿದ್ದ.

"ಓದಿದೆ, ಏಳು," ಎಂದ ಮಕಬೂಲಸಾಬ. "ಆ ಬದನಿಕಾಯಿ ಅಕ್ಕಗ ಓದಾಕ ಬರ್ತಿರಲಿಲ್ಲೋ. ನಿನಗ ಬಾಯಿ ಇತ್ತಲ್ಲೋ ಬಾಬೂ."

ಅಣ್ಣ, ತಮ್ಮ ಇಬ್ಬರಿಗೂ ಶಿಕ್ಷೆಯಾಯಿತು. ಕೋರ್ಟಿನಲ್ಲಿ ಏಕನಾಥನ ಅರ್ಜಿಯನ್ನು ಫೈಲಿಗೆ ಸೇರಿಸಿಕೊಂಡರು, ಓದಲಿಲ್ಲ. ಹತಾರಗಳ ಗೋಣಿಚೀಲ ಮನೆಗೆ ಮರಳಲಿಲ್ಲ. ಬೇರೊಬ್ಬ ಬಡಿಗ ಹೊಸ ಬಾಡಿ ಕಟ್ಟಿದ. ಮೋಟಾರು ಮತ್ತೆ ಜೋಳ ಹೇರಿಕೊಂಡು ಲಕಮನಹಳ್ಳಿಯ ತಗ್ಗಿಗೆ ಇಳಿದು ಏರತೊಡಗಿತು. ಆ ಕಂಬಗಳು ಎಂಥವೋ, ಬಣ್ಣದೊಳಗೆ ಯಾರು ಕಂಡರು?

ತೀರ್ಪಿನ ಮರುದಿನ ಏಕನಾಥ ಓಣಿಗೆ ಹೋದಾಗ ಖಾತುನಬಿ ಅಂಗಡಿಯಲ್ಲಿ ಉಳಿದಿದ್ದ ನಿಲುವುಗಳನ್ನೆಲ್ಲ ಬಾಗಿಲ ಮುಂದೆ, ರಸ್ತೆಗೆ ಕಾಣುವಂತೆ, ಸಾಲಾಗಿ ಒರಗಿಸುತ್ತಿದ್ದಳು. ಎಲ್ಲವುಗಳ ಕಾವಿ ಬರೆ ಮೇಲಿತ್ತು.

"ಅವ್ವಾ, ಉಲ್ಟಾ ಅದಾವ."

"ಗೊತ್ತೈತ್ರಿ. ಓದಾಕ ಬರೋರು ಓದ್ಲಿ," ಎಂದಳು, ಮತ್ತೊಂದನ್ನು ಎತ್ತುತ್ತ.

ಬಾಚಿ ಹೆಗಲಿಗೇರಿಸಿದ ಬಡಿಗನೊಬ್ಬ ಓಣಿಯಲ್ಲಿ ಬಂದ. ಕೆಂಪು ಬರೆಗಳನ್ನು ಕಂಡು ನಿಂತ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಲ್ಲವನ್ನೂ ಓದಿದ. ಆಮೇಲೆ ತಲೆ ತಗ್ಗಿಸಿ, ಕೆಲಸಕ್ಕೆಂದು ರಮಾಕಾಂತನ ಶೆಡ್ಡಿನ ದಾರಿ ಹಿಡಿದ.